ಶಾಯಿಯ ಕೆಳಗಿನ ಗೆರೆ

ಚಿತ್ರಶಾಲೆಯ ಗುರುಗಳ ಬಳಿಗೆ ಶಿಷ್ಯ ತಿಪ್ಪೇಶ ಬಂದು ಕೇಳಿದ: “ಗುರುಗಳೇ, ಜೊತೆಯಲ್ಲಿ ಕೆಲಸ ಮಾಡುವವನು ನನ್ನದನ್ನು ಕದಿಯುತ್ತಿದ್ದಾನೆ ಎಂಬ ಅನುಮಾನ ಬಂದರೆ, ಅದನ್ನು ಖಚಿತ ಮಾಡಿಕೊಳ್ಳುವುದು ಹೇಗೆ?”

ಎರಡು ದಿನದಿಂದ ಅವನು ತನ್ನ ಹಾಳೆಗಳನ್ನು ಕಂಕುಳಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದದ್ದನ್ನು ಗುರುಗಳು ನೋಡಿದ್ದರು. ಊಟಕ್ಕೂ ಹಾಗೆಯೇ ಕೂತಿದ್ದ. ಯಾರ ಮೇಲೆ ಅನುಮಾನ ಎಂದು ಅವರು ಕೇಳಲಿಲ್ಲ. ಕೂರಲು ಹೇಳಿ ಕತೆ ಶುರುಮಾಡಿದರು.

ಇಬ್ಬರು ವಿದ್ಯಾರ್ಥಿಗಳು ಸೇರಿ ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಕಾಮಿಕ್ಸ್ ಬರೆಯುತ್ತಿದ್ದರು. ಮೊದಲನೆಯವನು ಪೆನ್ಸಿಲಿನಲ್ಲಿ ಚಿತ್ರ ಬಿಡಿಸುತ್ತಿದ್ದ. ಎರಡನೆಯವನು ಅದರ ಮೇಲೆ ನಿಬ್ಬಿನಿಂದ ಕಪ್ಪು ಶಾಯಿಯ ಗೆರೆ ಎಳೆದು, ಶಾಯಿ ಒಣಗಿದ ಮೇಲೆ ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಅಳಿಸುತ್ತಿದ್ದ. ಆ ಕೆಲಸ ನಡೆಯುವುದೇ ಹಾಗೆ. ಅಚ್ಚಿಗೆ ಹೋಗುವುದು ಶಾಯಿ ಮಾತ್ರ.

ಅವರ ಕತೆಯಲ್ಲಿ ಒಬ್ಬಳು ಅಜ್ಜಿ ಇದ್ದಳು. ಓದಿದವರೆಲ್ಲ ಅಜ್ಜಿಯ ನಗುವನ್ನೇ ಹೊಗಳಿದರು. ಸಂಪಾದಕರು ಮೆಚ್ಚಿ, ಅವಳದೇ ಒಂದು ಪುಸ್ತಕ ಮಾಡಿಕೊಡಿ ಎಂದರು. ಮೊದಲನೆಯವನು ಹಿಗ್ಗಿದ. ಆದರೆ ಮನೆಗೆ ಹೋಗಿ ಅಚ್ಚಾದ ಮುಖವನ್ನು ನೋಡುತ್ತ ಕೂತಾಗ ಒಳಗೆ ಏನೋ ಕಸಿವಿಸಿ. ಈ ನಗು ತಾನು ಬಿಡಿಸಿದ್ದೇ, ಅಥವಾ ಗೆಳೆಯ ಸೇರಿಸಿದ್ದೇ? ನೋಡೋಣವೆಂದರೆ ಪೆನ್ಸಿಲ್ ಗೆರೆ ಇಲ್ಲ. ಅಳಿಸಿದವನು ಅವನೇ.

ಅಲ್ಲಿಂದ ಮೊದಲನೆಯವನಿಗೆ ರಬ್ಬರ್ ಕಂಡರೂ ಸಂಶಯ. ಗೆಳೆಯ ಬೇಗ ಮುಗಿಸಿದರೆ ಏನೋ ಮುಚ್ಚಿಡುತ್ತಿದ್ದಾನೆ, ತಡಮಾಡಿದರೆ ಏನೋ ಬದಲಾಯಿಸುತ್ತಿದ್ದಾನೆ. ಪಾಪ, ಆ ಗೆಳೆಯ ಹೇಗೆ ಕೂತರೂ ತಪ್ಪೇ. ಕಡೆಗೆ ಒಂದು ದಿನ, ಇನ್ನು ಮುಂದೆ ನಾನು ನೋಡುವ ತನಕ ಅಳಿಸಕೂಡದು ಎಂದು ಹೇಳಿದ.

“ಆಯ್ತು, ಅಳಿಸಲ್ಲ,” ಎಂದ ಗೆಳೆಯ. “ಆದ್ರೆ ನೀನು ನೋಡೋಕೆ ಬರೋದು ಚಿತ್ರಾನೋ, ನನ್ನನ್ನೋ? ಅದನ್ನ ಹೇಳಿಬಿಡು.”

ಮೊದಲನೆಯವನು ಮುಂದಿನ ಪುಟವನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ಪರೀಕ್ಷಿಸಿದ. ಅಜ್ಜಿಯ ತುಟಿಯ ಹತ್ತಿರ ಪೆನ್ಸಿಲಿನ ಗೆರೆ ಮೂರಿದ್ದವು. ಪೆನ್ಸಿಲ್ ಹಿಡಿದವರು ಹಾಗೆಯೇ ಒಂದರ ಪಕ್ಕ ಒಂದು ಎಳೆಯುತ್ತ ತಡಕಾಡುತ್ತಾರೆ. ಶಾಯಿ ಅವುಗಳಲ್ಲಿ ಒಂದರ ಮೇಲೆ ಮಾತ್ರ ಹೋಗಿತ್ತು. ನಾನು ಅಂದುಕೊಂಡದ್ದು ಈ ಗೆರೆಯಲ್ಲ, ನನ್ನ ಅಜ್ಜಿಯನ್ನು ನಿನ್ನವಳು ಮಾಡಿಕೊಂಡಿದ್ದೀಯೆ ಎಂದು ಅವನು ಕೂಗಾಡಿದ. ಗೆಳೆಯ ನಿಬ್ಬನ್ನು ತೊಳೆದು, ಬಟ್ಟೆಯಲ್ಲಿ ಒರೆಸಿಕೊಂಡು ಹೊರಟುಹೋದ. ಮತ್ತೆ ಬರಲಿಲ್ಲ.

ಈಗ ಪುಸ್ತಕ ಒಬ್ಬನದೇ ಆಯಿತು. ಅವನು ಎಂದಿನಂತೆ ಪೆನ್ಸಿಲಿನಲ್ಲಿ ಅಜ್ಜಿಯನ್ನು ಬಿಡಿಸಿ, ನಿಬ್ಬನ್ನು ಶಾಯಿಗೆ ಅದ್ದಿದ. ತುಟಿಯ ಬಳಿ ಮತ್ತೆ ಮೂರು ಗೆರೆ. ಮೊದಲನೆಯದರ ಮೇಲೆ ಎಳೆಯಲು ಹೋಗಿ ಕೈ ಹಿಂದೆಗೆದ. ಎರಡನೆಯದು ಸರಿಯಿಲ್ಲ ಎನ್ನಿಸಿತು. ಮೂರನೆಯದನ್ನು ನೋಡಿದರೆ ಬೇರೆ ಯಾರೋ ಎಳೆದಂತಿತ್ತು. ಯೋಚಿಸುತ್ತಿದ್ದಂತೆ ಶಾಯಿ ಹಾಳೆಯ ಮೇಲೆ ತೊಟ್ಟಿಕ್ಕಿತು. ಇನ್ನೊಂದು ಹಾಳೆ ತೆಗೆದುಕೊಂಡ. ಅಲ್ಲೂ ಅದೇ ಗತಿ. ಮೂರರಲ್ಲಿ ಒಂದನ್ನು ಆರಿಸುವ ಕೆಲಸ ಅವನಿಗೆ ಯಾವತ್ತೂ ಬಿದ್ದಿರಲಿಲ್ಲ. ಸಂಪಾದಕರು ಕೊಟ್ಟ ಗಡುವು ದಾಟಿತು, ಪುಸ್ತಕದ ಅವಕಾಶ ಬೇರೆಯವರ ಕತೆಗೆ ಹೋಯಿತು. ಅಜ್ಜಿ ಅಲ್ಲಿಗೆ ಮುಗಿದಳು. ನನಗೆ ಬೇಸರವಾಗುವುದು ಆ ಇಬ್ಬರಿಗಾಗಿ ಅಲ್ಲ, ಅವಳಿಗಾಗಿ, ಎಂದು ಗುರುಗಳು ಕತೆ ಮುಗಿಸಿದರು.

ತಿಪ್ಪೇಶನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಆ ಗೆಳೆಯ ಏನೂ ಕದ್ದಿರಲಿಲ್ಲ ಎನ್ನುತ್ತೀರಾ, ಗುರುಗಳೇ?”

“ಕದ್ದ ಅಂತಲೇ ಇಟ್ಟುಕೊಳ್ಳಪ್ಪ, ಕದ್ದ ಗೆರೆ ಯಾವುದು ಅಂತ ಕಳೆದುಕೊಂಡವನು ಹೇಳಲಿ.”

ತಿಪ್ಪೇಶ ಕಂಕುಳಲ್ಲಿದ್ದ ಹಾಳೆಗಳನ್ನು ತೆಗೆದು ಮುಂದೆ ಇಟ್ಟ.