ಬಾಟಲಿಯ ತಳದ ಬಿಳಿ ಪುಡಿ

ಶಿವಲೀಲಾ, ಊರಿನ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಹೊಸಬಳು. ಶುಚಿಯ ವಿಷಯದಲ್ಲಿ ಮಾತ್ರ ಮಹಾ ಗಟ್ಟಿಗಿತ್ತಿ. ಒಳಗೆ ನೀರಾಡಿಸಿ ಗಲಬರಿಸದ ಪಾತ್ರೆಗೆ ಯಾರಾದರೂ ನೀರು ತುಂಬಿದರೆ ಅವಳ ಅಮ್ಮ ರಂಪ ಮಾಡಿಬಿಡುತ್ತಿದ್ದರು. ಮಗಳಿಗೂ ಅದೇ ಅಭ್ಯಾಸ ಮೈಗೂಡಿತ್ತು.

ಆ ಊರಿನ ಅಂಗನವಾಡಿ ಮಕ್ಕಳಿಗೆ ಒಬ್ಬರ ಹಿಂದೊಬ್ಬರಂತೆ ವಾಂತಿಭೇದಿ ಶುರುವಾಯಿತು. ಶಿವಲೀಲಾಳ ಅಕ್ಕನ ಮಗಳು ಪುಟ್ಟಿಯೂ ಹಾಸಿಗೆ ಹಿಡಿದಳು. ಯಾರೂ ನೀರು ಕುಡಿಯದಂತೆ ಅಂಗನವಾಡಿಯ ನಲ್ಲಿಗೆ ಬಟ್ಟೆ ಕಟ್ಟಿದರು. ನೀರು ಪರೀಕ್ಷಿಸುವ ಕೆಲಸ ಕಾಲೇಜಿನ ಸಿದ್ಧವೀರಯ್ಯ ಮೇಷ್ಟ್ರಿಗೆ ಬಂತು. ಅವರು ಶಿವಲೀಲಾಳ ಕೈಗೆ ಒಂದು ಮುಚ್ಚಿದ ಬಾಟಲಿ ಕೊಟ್ಟು, "ಆ ನಲ್ಲಿ ನೀರು ಹಿಡ್ಕೊಂಡು ಬಾಮ್ಮ" ಎಂದರು.

ಬಾಟಲಿಯ ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ ಕಂಡಿತು. ತೊಳೆದವರು ಸರಿಯಾಗಿ ತೊಳೆದಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು, ಶಿವಲೀಲಾ ಅದನ್ನು ಚೆನ್ನಾಗಿ ಗಲಬರಿಸಿ ಚೆಲ್ಲಿ, ಆಮೇಲೆ ನೀರು ತುಂಬಿ ತಂದಳು.

ಆ ನೀರನ್ನು ನೇರಳೆ ದ್ರವವಿದ್ದ ಗಾಜಿನ ಕೊಳವೆಗಳಿಗೆ ಹಾಕಿ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟರು. ಕೊಳಚೆಯ ಬ್ಯಾಕ್ಟೀರಿಯಾ ಇದ್ದರೆ ದ್ರವ ಹಳದಿಗೆ ತಿರುಗುತ್ತದೆ. ಅವಳು ಹೋಗಿ ಬಂದು ಇಣುಕಿದ್ದೇ ಇಣುಕಿದ್ದು. ಎರಡು ದಿನವಾದರೂ ನೇರಳೆ ನೇರಳೆಯಾಗಿಯೇ ಉಳಿಯಿತು. ಅಂದರೆ ನೀರು ಶುದ್ಧ. ಮಧ್ಯಾಹ್ನ ವರದಿ ಹೋದರೆ ನಲ್ಲಿಯ ಕಟ್ಟು ಬಿಚ್ಚುತ್ತಾರೆ. ಅವಳಿಗೆ ಹಿಡಿಸಲಾರದಷ್ಟು ಖುಷಿ.

ಆ ಖುಷಿಯಲ್ಲೇ ಹೊಸ ಬಾಟಲಿಗಳನ್ನು ಜೋಡಿಸುತ್ತಿದ್ದವಳ ಕೈ ತಟ್ಟನೆ ನಿಂತಿತು. ಪ್ರತಿಯೊಂದರ ತಳದಲ್ಲೂ ಅದೇ ಬಿಳಿ ಪುಡಿ. ಕೊಳೆಯಾದರೆ ಒಂದೆರಡರಲ್ಲಿ ಉಳಿದೀತು, ಎಲ್ಲದರಲ್ಲೂ ಅಷ್ಟಷ್ಟೇ ಏಕೆ? ಬೇಕೆಂದೇ ಹಾಕಿದ್ದಾರೆಯೇ? ಕೇಳಿದರೆ ತನ್ನ ಪೆದ್ದುತನ ಬಯಲಾಗುತ್ತದೆ. ಕೇಳದೆ ಇರೋಣವೆಂದರೆ ತಲೆಯೊಳಗೆ ಹುಳ ಕೊರೆಯುತ್ತಿದೆ. ಕೊನೆಗೆ ಕುತೂಹಲವೇ ಗೆದ್ದಿತು.

"ಸಾರ್, ಈ ಪುಡಿ ಯಾಕೆ ಹಾಕ್ತಾರೆ? ನಾನು ಕೊಳೆ ಅಂದ್ಕೊಂಡು ಗಲಬರಿಸಿ ಚೆಲ್ಲಿಬಿಟ್ಟೆ."

ವರದಿಗೆ ಸಹಿ ಹಾಕಲು ಹೊರಟಿದ್ದ ಮೇಷ್ಟ್ರು ಪೆನ್ನು ಕೆಳಗಿಟ್ಟರು.

"ಟ್ಯಾಂಕಿಗೆ ಕ್ಲೋರಿನ್ ಹಾಕಿರ್ತಾರಲ್ಲಮ್ಮ, ಅದು ಬಾಟಲಿ ಒಳಗೂ ಬ್ಯಾಕ್ಟೀರಿಯಾನ ಕೊಲ್ತಾನೇ ಇರುತ್ತೆ. ಅದನ್ನ ತಡೆಯೋಕೆ ಈ ಪುಡಿ. ಇದಿಲ್ಲ ಅಂದ್ರೆ, ಮಕ್ಕಳು ಕುಡಿಯುವಾಗ ಇದ್ದ ಬ್ಯಾಕ್ಟೀರಿಯಾ ನಮ್ಮ ಕೈಗೆ ಬರೋ ಹೊತ್ತಿಗೆ ಸತ್ತು ಹೋಗಿರುತ್ತೆ." ವರದಿಯನ್ನು ಪಕ್ಕಕ್ಕೆ ಸರಿಸಿ, "ನಾನೇ ಮೊದಲು ಹೇಳಬೇಕಿತ್ತು" ಎಂದರು.

ಶಿವಲೀಲಾ ಅಂದೇ ಹೋಗಿ, ಈ ಸಲ ಗಲಬರಿಸದೆ, ನೀರು ಹಿಡಿದು ತಂದಳು. ಮರುದಿನ ನೋಡಿದರೆ ಕೊಳವೆಗಳು ಒಂದೂ ಬಿಡದೆ ಹಳದಿಯಾಗಿದ್ದವು. ಅಗೆದು ಹುಡುಕಿದಾಗ ಚರಂಡಿಯ ಪಕ್ಕದಲ್ಲಿ ಪೈಪು ಒಡೆದು ಕೊಳಚೆ ಒಳಸೇರುತ್ತಿದ್ದದ್ದು ಕಂಡಿತು. ಅದು ದುರಸ್ತಿಯಾಗುವವರೆಗೆ ಮಕ್ಕಳಿಗೆ ಬೇರೆ ಕಡೆಯಿಂದ ನೀರು ತಂದರು.

ಒಂದು ಸಂಜೆ, ಚೇತರಿಸಿಕೊಂಡ ಪುಟ್ಟಿ ಬಂದು ಚಿಕ್ಕಮ್ಮನ ತೊಡೆಯೇರಿದಾಗ ಶಿವಲೀಲಾ ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು. ನಾಚಿಕೆಯಿಂದ ಒಂದೇ ಒಂದು ಪ್ರಶ್ನೆಯನ್ನು ನುಂಗಿಕೊಂಡಿದ್ದರೆ, ಈ ಮಗು ಮತ್ತೆ ಅದೇ ನೀರು ಕುಡಿಯುತ್ತಿತ್ತು.

ನೀತಿ: ಒಳ್ಳೆಯ ಅಭ್ಯಾಸವೂ ಎಲ್ಲ ಕಡೆ ಒಪ್ಪುವುದಿಲ್ಲ. ಅರ್ಥವಾಗದ್ದನ್ನು ಕೊಳೆ ಎಂದು ಚೆಲ್ಲುವ ಮೊದಲು "ಇದು ಏಕೆ?" ಎಂದು ಕೇಳಿ. ಚೆಲ್ಲಿಯಾಗಿದ್ದರೂ ಸರಿ, ನಾಚದೆ ಕೇಳಿ.