ಸಾಕವ್ವ ಎಡಕ್ಕೆ ಸುತ್ತಿದ್ದು

ಕಾಲು ಚಾಚ್ಕೋ ಮಗಾ, ಉಳುಕಿರೋ ಗಿಣ್ಣು ದಿಂಬಿನ ಮೇಲಿರಲಿ. ಹ್ಞೂಂ, ಈಗ ಕೇಳು. ಒಂದು ಕಾಲ ಇತ್ತಂತೆ, ಆಗ ಅನ್ನ ಬೇಯೋದೂ ನೀರು ತಣ್ಣಗಾಗೋದೂ ಮಣ್ಣಿನ ಮಡಕೇಲೇ ಅಂತೆ. ಆಗ ಸಾಕವ್ವ ಅಂತ ಒಬ್ಬಳು ಕುಂಬಾರಗಿತ್ತಿ ಇದ್ಲಂತೆ. ಗಂಡ ಚಕ್ರ ತಿರುಗಿಸಿ ಮಡಕೆ ಮಾಡೋನು, ಇವಳು ಮಣ್ಣು ತುಳಿಯೋಳು. ಅಂಗಳದಲ್ಲಿ ಹಸಿ ಮಣ್ಣು ಗುಡ್ಡೆ ಹಾಕ್ಕೊಂಡು, ದೇವರ ಗುಡಿ ಸುತ್ತೋ ಹಾಗೆ ಬಲಕ್ಕೇ ಸುತ್ತಿ ಸುತ್ತಿ ತುಳೀತಿದ್ಲಂತೆ. ಎಡಕ್ಕೆ ಸುತ್ತಿದ್ರೆ ಕೆಟ್ಟದ್ದು ಅಂತ ಅವಳತ್ತೆ ಹೇಳಿದ್ಲಂತೆ.

ಅವಳಿಗೆ ಒಬ್ಬಳೇ ಮಗಳು, ನಿಂಗಿ. ನಿಂಗಿಗೆ ಮದುವೆ ಗೊತ್ತಾಯ್ತು. ಮದುವೆಗೆ ಐರಣೆ ಮಡಕೆ ಬೇಕಲ್ಲ, ಬಣ್ಣ ಬರೆದು ಪೂಜೆಗಿಡ್ತಾರಲ್ಲ, ಅದು. ಮಗಳ ಐರಣೆಗೆ ಹೆತ್ತವಳೇ ಮಣ್ಣು ತುಳೀಬೇಕು ಅನ್ನೋದು ಆ ಮನೆ ಪದ್ಧತಿ. ಊರವರ ಮಕ್ಕಳಿಗೆಲ್ಲ ತುಳಿದವಳು, ತನ್ನ ಮಗಳ ಸರದಿ ಬಂದಾಗ ಎಡಗಾಲಿನ ಗಿಣ್ಣು ಊದಿ ಕೂತುಬಿಟ್ಲಂತೆ, ಪಾಪ.

ಆಮೇಲೆ ಒಬ್ಬ ಬಂದು ಎಣ್ಣೆ ತಿಕ್ಕಿದ. ಇನ್ನೊಬ್ಬ ಬಂದು ಸೊಪ್ಪು ಅರೆದು ಕಟ್ಟಿದ. ಮತ್ತೊಬ್ಬ ಬಂದು, ಅಲ್ಲಾಡಲೇಬೇಡ ಅಂತ ಮಲಗಿಸಿ ಹೋದ. ಎದ್ದು ನಿಂತ್ರೆ ನೋವು ಅಲ್ಲೇ! ಸಾಕವ್ವ ಅತ್ತೇಬಿಟ್ಲಂತೆ.

ಆಮೇಲೆ ಆಚೆಯೂರಿಂದ ದುಗ್ಗಜ್ಜಿ ಅಂತ ಒಬ್ಬಳು ಮೂಳೆ ಕಟ್ಟೋ ಮುದುಕಿ ಬಂದ್ಲು. ಅವಳು ಕಾಲು ಮುಟ್ಟಲೇ ಇಲ್ಲ, ನೀನು ತುಳಿದ ಮಣ್ಣು ತೋರ್ಸು ಅಂದ್ಲಂತೆ. ಯಾಕೆ ಅಂತೀಯಾ? ಸಾಕವ್ವನೂ ಹಂಗೇ ಕೇಳಿದ್ಲು. ಮುದುಕಿ ಬಗ್ಗಿ ಬಗ್ಗಿ ನೋಡಿದ್ಲಂತೆ. ಎಡಗಾಲಿನ ಗುರುತು ಗುಂಡಿ ಬಿದ್ದಿದೆ, ಬಲಗಾಲಿನದು ಮೇಲೆ ಮೇಲೇ ಇದೆ. ಅಯ್ಯೋ ತಾಯಿ, ಬಲಕ್ಕೇ ಸುತ್ತಿ ಸುತ್ತಿ ಒಂದೇ ಕಾಲನ್ನ ಇಷ್ಟು ವರ್ಷ ದುಡಿಸಿದ್ದೀಯಲ್ಲೇ ಅಂದ್ಲಂತೆ.

ಮೊದಲು ಊತ ಇಳಿಯೋವರೆಗೆ ಸುಮ್ಮನಿರಿಸಿದ್ಲು. ಆಮೇಲೆ ಮೂರು ಕೆಲಸ ಕೊಟ್ಲು. ನೆಲದ ಮೇಲಿನ ಹುಣಸೆ ಬೀಜ ಕಾಲ್ಬೆರಳಲ್ಲಿ ಎತ್ತಿ ಬುಟ್ಟಿಗೆ ಹಾಕ್ಬೇಕು. ಅವ್ವ ಬೀಜ ಚೆಲ್ಲೋದು ನೋಡಿ ನಿಂಗಿ ಬಿದ್ದು ಬಿದ್ದು ನಕ್ಕಳಂತೆ. ಮಾಡ್ತಾ ಮಾಡ್ತಾ ಅದು ಬಂತು. ಆಮೇಲೆ ಗೋಡೆ ಹಿಡ್ಕೊಂಡು, ಒಲೆ ಮೇಲಿನ ಹಾಲು ಉಕ್ಕೋವರೆಗೆ ನೋಯೋ ಕಾಲಲ್ಲೇ ನಿಲ್ಲಬೇಕು. ದಿನಾ ನಿಂತು ನಿಂತು ಅದೂ ಬಂತು. ಮೂರನೇದು, ಮಣ್ಣನ್ನ ಎಡಕ್ಕೂ ಸುತ್ತಿ ತುಳೀಬೇಕು.

ಸಾಕವ್ವ ಮಣ್ಣಿಂದ ಹಿಂದೆ ಸರಿದ್ಲಂತೆ. ಉಳಿದದ್ದೆಲ್ಲ ಸರಿ ಅಜ್ಜಿ, ಮಗಳ ಮದುವೆ ಮಣ್ಣಲ್ಲಿ ಎಡಕ್ಕೆ ಸುತ್ತೋದು ಹೆಂಗೆ ಅಂದ್ಲಂತೆ. ಆಗ ದುಗ್ಗಜ್ಜಿ ಏನಂದ್ಲು ಗೊತ್ತಾ? ಬಲಕ್ಕೆ ಸುತ್ತೋದು ಮಗಳು ಗಂಡನ ಮನೆಗೆ ಹೋಗೋ ದಾರಿ. ಹಬ್ಬಕ್ಕೆ ತವರಿಗೆ ಬರೋಕೆ ದಾರಿ ಬೇಡ್ವೇನೇ ಅವಳಿಗೆ?

ಸಾಕವ್ವ ಸೀರೆ ಎತ್ತಿ ಕಟ್ಟಿ ಮಣ್ಣಿಗಿಳಿದ್ಲು. ಬಲಕ್ಕೊಂದು ಸುತ್ತು, ಎಡಕ್ಕೊಂದು ಸುತ್ತು, ಕಣ್ಣಲ್ಲಿ ನೀರು ಸುರಿಸ್ಕೊಂಡೇ ತುಳಿದ್ಲಂತೆ. ಐರಣೆ ಒಂದೂ ಬಿರುಕು ಬಿಡಲಿಲ್ಲ. ನಿಂಗಿ ಮದುವೆಯಾಗಿ ಹೋದ್ಲು, ಮೊದಲ ಹಬ್ಬಕ್ಕೇ ಓಡಿ ಬಂದ್ಲು. ಅವ್ವ ಹಾದೀಲೇ ಎದುರುಗೊಂಡ್ಲು, ಒಂಚೂರೂ ಕುಂಟದೆ. ಅಲ್ಲಿಗೆ ಅವರು ಸುಖವಾಗಿದ್ರು, ನಮ್ಮ ಕತೆಯೂ ಮುಗಿದು ಮಲಗ್ತು.

ಏನು? ಬೆಳಿಗ್ಗೆ ಹುಣಸೆ ಬೀಜ ಕೊಡ್ಲಾ? ಕೊಡ್ತೀನಿ. ಈಗ ಕಾಲ್ಬೆರಳಲ್ಲಿ ನನ್ನ ಸೆರಗು ಎಳೀಬೇಡ, ಮಲಗು.