ಕುಂಕುಮ ಹಚ್ಚಿಸಿಕೊಂಡ ಗೀಸರ್

ಆಯುಧಪೂಜೆಯ ದಿನ ಯಜಮಾನ ಪುಟ್ಟಬಸವಯ್ಯ ಬಚ್ಚಲುಮನೆಯ ಹಳೇ ಗೀಸರಿಗೆ ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ, ಕೈಮುಗಿದು ಹೋದ. ಗೀಸರಿನ ಹೊಟ್ಟೆಯೊಳಗೆ ನೀರು ಕಾಯಿಸುವ ಕಾಯಿಲ್ ಗೊಣಗಿತು: “ಬೋರ್‌ವೆಲ್ ನೀರಿನ ಉಪ್ಪು ನನ್ನ ಮೈಮೇಲೆ ಬೆರಳು ದಪ್ಪ ಕಟ್ಟಿದೆ. ಏಳು ವರ್ಷವಾಯಿತು, ಒಮ್ಮೆಯೂ ಬಿಚ್ಚಿ ಕೆರೆದವರಿಲ್ಲ. ಹೀಗೇ ಬಿಟ್ಟರೆ ಸೀಳಿಹೋಗುತ್ತೇನೆ.”

“ಬಾಯಿ ಮುಚ್ಚು,” ಎಂದಿತು ಗೀಸರ್. “ವರ್ಷಕ್ಕೊಮ್ಮೆ ಪೂಜೆ ಮಾಡಿಸಿಕೊಳ್ಳುವವನಿಗೆ ಯಾವ ರೋಗ ಬಂದೀತು?”

ದೀಪಾವಳಿಯ ಎಣ್ಣೆಸ್ನಾನದ ಬೆಳಿಗ್ಗೆಯೇ ಕಾಯಿಲ್ ಸೀಳಿಹೋಯಿತು. ಮೈತುಂಬ ಎಣ್ಣೆ ಹಚ್ಚಿಕೊಂಡಿದ್ದ ಯಜಮಾನ ತಣ್ಣೀರಿನಲ್ಲಿ ನಡುಗಿದ. ಹೊಸ ಗೀಸರ್ ಕೊಳ್ಳುವಷ್ಟು ಹಣ ಅವನ ಬಳಿ ಇರಲಿಲ್ಲ. ರಿಪೇರಿಗೆ ಬಂದ ಅನ್ವರ್ ಹೊಸ ಕಾಯಿಲ್ ಕೂರಿಸಿ, “ವರ್ಷಕ್ಕೊಮ್ಮೆ ಉಪ್ಪು ಕೆರೆಸಿದ್ದರೆ ಇಷ್ಟೂ ದಂಡವಾಗುತ್ತಿರಲಿಲ್ಲ ಸ್ವಾಮಿ,” ಎಂದ.

“ಉಪ್ಪೂ ಇಲ್ಲ, ಗಿಪ್ಪೂ ಇಲ್ಲ. ಯಾರದೋ ಕೆಟ್ಟ ಕಣ್ಣು ಬಿದ್ದಿದೆ,” ಎಂದ ಯಜಮಾನ, ಗೀಸರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ.

ಗುಜರಿ ಚೀಲಕ್ಕೆ ಬಿದ್ದಿದ್ದ ಹಳೇ ಕಾಯಿಲ್ ಹೊಸದಕ್ಕೆ ಹೇಳಿತು: “ಇಲ್ಲಿ ಕೂಗಿ ಗಂಟಲು ಹರಿದುಕೊಳ್ಳಬೇಡ, ತಮ್ಮಾ. ಈ ಮನೆಯವನಿಗೆ ಕೈ ಮುಗಿಯುವುದು ಗೊತ್ತು, ಕೈ ಕೊಳೆ ಮಾಡಿಕೊಳ್ಳುವುದು ಗೊತ್ತಿಲ್ಲ.”